ಸಿಮೆಂಟ್ ಚೀಲ: ತೆರಿಗೆ ಇಳಿದರೆ ಉಳಿಯುವುದೆಷ್ಟು?

ಸೇಡಂ: ತಾಲ್ಲೂಕಿನ ಕೋಡ್ಲಾದಲ್ಲೂ ತಯಾರಾಗುವ ಸಿಮೆಂಟಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹಾಗೆಂದು ಚೀಲದ ದರವೂ ಶೇ 10ರಷ್ಟು ಇಳಿಯಬೇಕೆಂಬ ಲೆಕ್ಕ ಸರಿಯಲ್ಲ. ತೆರಿಗೆ ಬೀಳುವುದು ಮೂಲ ಬೆಲೆಯ ಮೇಲೆ.

ಮೂಲ ಬೆಲೆ 300 ರೂ. ಎಂದಿಟ್ಟುಕೊಂಡರೆ, ಹಿಂದೆ 84 ರೂ. ತೆರಿಗೆ ಸೇರಿ 384 ರೂ. ಆಗುತ್ತಿತ್ತು, ಈಗ 54 ರೂ. ಸೇರಿ 354 ರೂ. ಆಗುತ್ತದೆ. ಉಳಿತಾಯ 30 ರೂ., ಅಂದರೆ ಹಳೆಯ ದರದ ಶೇ 7.8 ಮಾತ್ರ. 400 ಚೀಲ ಕೊಳ್ಳುವವರಿಗೆ 12,000 ರೂ. ಉಳಿಯುತ್ತದೆ, ಮನೆ ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ.

ಅಂಗಡಿಯವರು ಹೇಳುವ ಒಟ್ಟು ದರದಲ್ಲಿ ಶೇ 18 ಕಳೆದರೆ ಮೂಲ ಬೆಲೆ ಸಿಗದು. ಒಟ್ಟು ದರವನ್ನು 1.18ರಿಂದ ಭಾಗಿಸಬೇಕು. ರಾಜ್ಯದೊಳಗಿನ ಖರೀದಿಯ ಬಿಲ್‌ನಲ್ಲಿ ಕೇಂದ್ರ ಹಾಗೂ ರಾಜ್ಯದ ತೆರಿಗೆ ತಲಾ ಶೇ 9 ಎಂದು ಬೇರೆಬೇರೆಯಾಗಿ ನಮೂದಾಗಿರುತ್ತದೆ. ಬಿಲ್ ಬೇಡವೆನ್ನುವ ಗ್ರಾಹಕರಿಗೆ, ತೆರಿಗೆ ಇಳಿದಾಗ ಮೂಲ ಬೆಲೆಯನ್ನೇ ಏರಿಸಲಾಯಿತೇ ಎಂಬುದನ್ನು ಪರಿಶೀಲಿಸಲು ದಾರಿಯೇ ಇರುವುದಿಲ್ಲ.