ಕಕ್ಕಡ ಮಾಸದ ಕಾಡಿನೂಟ

ಕೊಡಗಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬರುವ ಕಕ್ಕಡ ಮಾಸವು ಬಿರುಮಳೆಯ ಕಾಲ. ನಾಟಿಯ ಕೆಲಸದಿಂದ ದಣಿದು ಬಂದವರಿಗೆ ಆಗ ಬಡಿಸುವುದು ಬಹುಮಟ್ಟಿಗೆ ಕಾಡಿನ ಪದಾರ್ಥಗಳನ್ನೇ: ಅಣಬೆಯ ಸಾರು, ಬಿದಿರಿನ ಎಳೆಮೊಳಕೆಯಾದ ಕಣಿಲೆಯ ಪಲ್ಯ, ಕೆಸುವಿನ ಸೊಪ್ಪು, ಮಾಸದ 18ನೆಯ ದಿನ ಮದ್ದುಸೊಪ್ಪಿನ ನೇರಳೆಬಣ್ಣದ ಪಾಯಸ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕದೆ ಬಳಸಕೂಡದು; ಹಸಿಯದರಲ್ಲಿ ವಿಷವುಂಟು.

ಅಣಬೆಗಳಲ್ಲಿ ರುಚಿಗೆ ಹೆಸರಾದುದು ಹುತ್ತದ ಅಣಬೆ. ಗೆದ್ದಲುಗಳು ನೆಲದೊಳಗೆ ತಾವೇ ಸಾಕುವ ಶಿಲೀಂಧ್ರದ ಫಲವಿದು. ಮನುಷ್ಯನ ಬೇಸಾಯಕ್ಕೆ ಸುಲಭವಾಗಿ ಒಗ್ಗತಕ್ಕದ್ದಲ್ಲ. ಆದುದರಿಂದ ತೋಟದಂಚಿನ ಹುತ್ತವನ್ನು ಅಗೆದು ಸಮಮಾಡಿಸುವ ಜಮೀನುದಾರನು ಬಿತ್ತದೆ ಬರುವ ಬೆಳೆಯೊಂದನ್ನು ಕಳೆದುಕೊಳ್ಳುವನು.

ಅರಿಸಿನ ಹಾಕಿ ಬೇಯಿಸಿದರೆ ದೋಷ ಹೋಗುವುದೆಂಬುದೂ, ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ಅಣಬೆ ನಿರ್ವಿಷವೆಂಬುದೂ ಶುದ್ಧ ಸುಳ್ಳು. ಗುರುತು ಚೆನ್ನಾಗಿ ಬಲ್ಲವರು ತಂದುದನ್ನಲ್ಲದೆ ಅಡಿಗೆಮನೆಗೆ ಸೇರಿಸಕೂಡದು. ಕೆಲವು ಅಣಬೆಗಳ ವಿಷವು ಬೇಯಿಸಿದರೂ ನಾಶವಾಗದು. ಉಂಡು 6 ಗಂಟೆಗಳಿಗೂ ಮೀರಿದ ಮೇಲೆ ವಾಂತಿಭೇದಿ ತೋರಿ, ನಡುವೆ ಗುಣವಾದಂತೆ ಕಂಡು, ಬಳಿಕ ಪಿತ್ತಜನಕಾಂಗವನ್ನು ಕೆಡಿಸುವುದು. ಅಂಥವರನ್ನು, ಚೇತರಿಸಿಕೊಂಡಂತೆ ಕಂಡರೂ, ಉಳಿದ ಅಣಬೆಯ ಸಮೇತ ಕೂಡಲೇ ಆಸ್ಪತ್ರೆಗೆ ಕಳುಹಿಸತಕ್ಕದ್ದು.