ರಥ ಬದಲಾದಾಗ ಸಾರಥಿ

‘ಪಳಗಿದ ಕೈ’ ಎಂಬ ಮಾತನ್ನು ನಾವು ಮೆಚ್ಚುಗೆಯಿಂದ ಆಡುತ್ತೇವೆ. ಬಡಗಿಯ ಕೈ, ನೇಕಾರನ ಕೈ, ಬಂಡಿ ಹೊಡೆಯುವವನ ಕೈ—ಇವೆಲ್ಲ ಬಹುಕಾಲದ ಅಭ್ಯಾಸದಿಂದ ಪಳಗಿದವು. ಆದರೆ ಆ ಕೈ ಪಳಗಿದುದು ಯಾವುದರಲ್ಲಿ? ಉಪಕರಣವನ್ನೇ ಬದಲಿಸಿಬಿಟ್ಟರೆ ಆ ನೈಪುಣ್ಯದಲ್ಲಿ ಉಳಿಯುವುದೆಷ್ಟು, ಅಳಿಯುವುದೆಷ್ಟು? ಈ ಪ್ರಶ್ನೆಗೆ ಮೋಟಾರು ಪಂದ್ಯಗಳ ಲೋಕದಲ್ಲಿ ಬೋಧಪ್ರದವಾದ ಉತ್ತರವೊಂದು ದೊರೆಯುತ್ತದೆ. ಒಂದು ಬಗೆಯ ಕಾರಿನಲ್ಲಿ ಜಗತ್ತಿನ ಶ್ರೇಷ್ಠರೊಡನೆ ಸ್ಪರ್ಧಿಸಿದ ಚಾಲಕನು ಇನ್ನೊಂದು ಬಗೆಯ ಕಾರಿನಲ್ಲಿ ಕುಳಿತೊಡನೆ ಮತ್ತೆ ವಿದ್ಯಾರ್ಥಿಯಾಗಬೇಕಾಗುತ್ತದೆ. ಇದೇಕೆಂಬುದನ್ನು ಭೌತವಿಜ್ಞಾನದ ಬೆಳಕಿನಲ್ಲಿ ನೋಡೋಣ.

ಎರಡು ಬಗೆಯ ಕಾರುಗಳು

ಪಂದ್ಯದ ಕಾರುಗಳಲ್ಲಿ ಮೊದಲನೆಯ ಬಗೆ, ತೆರೆದ ಚಕ್ರದ ಕಾರು. ಇದರ ಒಡಲು ನೀಳವಾಗಿಯೂ ಕಿರಿದಾಗಿಯೂ ಇದ್ದು, ನಾಲ್ಕು ಚಕ್ರಗಳೂ ಯಾವ ಮುಚ್ಚಳವೂ ಇಲ್ಲದೆ ಹೊರಕ್ಕೆ ಚಾಚಿಕೊಂಡಿರುತ್ತವೆ. ಚಾಲಕನು ಕಾರಿನ ನಡುಗೆರೆಯ ಮೇಲೆ ಒಬ್ಬನೇ ಕುಳಿತಿರುತ್ತಾನೆ. ಮುಂದಿನ ಚಕ್ರಗಳೆರಡೂ ಅವನ ಕಣ್ಣಿಗೆ ಕಾಣುತ್ತವೆ. ಫಾರ್ಮುಲಾ ಒನ್ ಮತ್ತು ಫಾರ್ಮುಲಾ ಟು ಪಂದ್ಯಗಳಲ್ಲಿ ಓಡುವುದು ಇಂಥ ಕಾರುಗಳೇ.

ಎರಡನೆಯದು ಸ್ಟಾಕ್ ಕಾರು. ಅಂಗಡಿಯ ದಾಸ್ತಾನಿನಲ್ಲಿ ಮಾರಾಟಕ್ಕಿಟ್ಟ ಕಾರು ಎಂಬುದೇ ಆ ಹೆಸರಿನ ಮೂಲಾರ್ಥ. ಅಮೆರಿಕದಲ್ಲಿ 1948ರಲ್ಲಿ ಸ್ಥಾಪನೆಯಾದ ನ್ಯಾಸ್ಕಾರ್ ಸಂಸ್ಥೆಯು ಇಂಥ ಕಾರುಗಳ ಪಂದ್ಯಗಳನ್ನು ನಡೆಸುತ್ತ ಬಂದಿದೆ. ಇಂದು ಅವು ಪಂದ್ಯಕ್ಕಾಗಿಯೇ ಕಟ್ಟಿದ ಯಂತ್ರಗಳು. ಬೀದಿಯ ಕಾರನ್ನು ಹೋಲುವುದು ಹೊರರೂಪ ಮಾತ್ರ. ಜರ್ಮನಿಯ ಡಿ.ಟಿ.ಎಂ. ಪಂದ್ಯಮಾಲೆಯ ಕಾರುಗಳೂ ಇವಕ್ಕೆ ದಾಯಾದಿಗಳೇ. ಅವು ಮಾರಾಟದ ಮಾದರಿಗಳಿಂದ ರೂಪಿಸಿದ, ಚಕ್ರ ಮುಚ್ಚಿದ, ಛಾವಣಿಯುಳ್ಳ ಕಾರುಗಳು.

ಮೊದಲನೆಯ ಬಗೆಯಿಂದ ಎರಡನೆಯದಕ್ಕೆ ಬಂದ ಭಾರತೀಯರಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸಬೇಕು. ಒಬ್ಬರು ನಮ್ಮ ಬೆಂಗಳೂರಿನವರಾದ ಅರ್ಜುನ್ ಮೈನಿ. 1997ರಲ್ಲಿ ಜನಿಸಿದ ಇವರು 2017ರಲ್ಲಿ ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಜಿ.ಪಿ.3 ಪಂದ್ಯವೊಂದನ್ನು ಗೆದ್ದರು. 2018ರಲ್ಲಿ ಫಾರ್ಮುಲಾ ಟು ಪಂದ್ಯಗಳಲ್ಲಿ ಓಡಿದರು. ಆ ಬಳಿಕ ಮುಚ್ಚಿದ ಚಕ್ರಗಳ ಕಾರುಗಳತ್ತ ಹೊರಳಿ, 2021ರಲ್ಲಿ ಮರ್ಸಿಡಿಸ್ ಕಾರನ್ನೇರಿ ಡಿ.ಟಿ.ಎಂ. ಪಂದ್ಯಮಾಲೆಯಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರೆನಿಸಿದರು. ಇನ್ನೊಬ್ಬರು ಕೊಯಮತ್ತೂರಿನ ನರೈನ್ ಕಾರ್ತಿಕೇಯನ್. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದ ಇವರು, 2010ರಲ್ಲಿ ನ್ಯಾಸ್ಕಾರ್ ಸಂಸ್ಥೆಯ ಟ್ರಕ್ ಪಂದ್ಯಮಾಲೆಗೆ ಸೇರಿ, ವರ್ಜೀನಿಯಾ ರಾಜ್ಯದ ಮಾರ್ಟಿನ್ಸ್‌ವಿಲ್‌ನಲ್ಲಿ ತಮ್ಮ ಮೊದಲ ಪಂದ್ಯವನ್ನು ಹದಿಮೂರನೆಯವರಾಗಿ ಮುಗಿಸಿದರು. ಹೆಸರು ಟ್ರಕ್ ಎಂದಿದ್ದರೂ ಆ ವಾಹನದ ಮೈಕಟ್ಟು ಸ್ಟಾಕ್ ಕಾರಿನದೇ.

ತಿರುವಿನ ಲೆಕ್ಕ

ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ಬಸ್ಸು ತಿರುವಿಗೆ ಬಂದಾಗ ನಿಂತ ಪ್ರಯಾಣಿಕರು ಹೊರಬದಿಗೆ ವಾಲುವುದನ್ನು ನೀವು ನೋಡಿದ್ದೀರಿ. ಅವರ ದೇಹ ಜಡತ್ವದ ಕಾರಣದಿಂದ ನೇರವಾಗಿಯೇ ಸಾಗಬಯಸುತ್ತದೆ. ಬಸ್ಸು ಮಾತ್ರ ತಿರುಗುತ್ತದೆ. ಹಾಗಾದರೆ ಬಸ್ಸನ್ನು ತಿರುಗಿಸುವುದು ಯಾವುದು? ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ವೃತ್ತದ ಕೇಂದ್ರದತ್ತ ಎಳೆಯುವ ಕೇಂದ್ರಾಭಿಮುಖ ಬಲವನ್ನು ಸಮತಟ್ಟಾದ ರಸ್ತೆಯಲ್ಲಿ ಒದಗಿಸುವುದು ಈ ಘರ್ಷಣೆಯೊಂದೇ.

ತಿರುವಿನ ತ್ರಿಜ್ಯ 100 ಮೀಟರು ಎಂದಿಟ್ಟುಕೊಳ್ಳಿ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಬೇಕಾದ ವೇಗೋತ್ಕರ್ಷ ದೊರೆಯುತ್ತದೆ. ಗಂಟೆಗೆ 54 ಕಿಲೊಮೀಟರು, ಎಂದರೆ ಸೆಕೆಂಡಿಗೆ 15 ಮೀಟರು ವೇಗದಲ್ಲಿ ಇದು 2.25, ವೇಗವನ್ನು ಎರಡರಷ್ಟು ಮಾಡಿದರೆ 9. ವೇಗ ಎರಡು ಪಟ್ಟು, ಬೇಡಿಕೆ ನಾಲ್ಕು ಪಟ್ಟು! ಒಣ ರಸ್ತೆಯಲ್ಲಿ ಘರ್ಷಣಾಂಕವನ್ನು 0.8 ಎಂದು ಹಿಡಿದರೆ, ಆ ತಿರುವಿನಲ್ಲಿ ಜಾರದೆ ಹೋಗಬಲ್ಲ ಗರಿಷ್ಠ ವೇಗ ಸೆಕೆಂಡಿಗೆ 28 ಮೀಟರು, ಅಂದರೆ ಗಂಟೆಗೆ ಸುಮಾರು 100 ಕಿಲೊಮೀಟರು. ಮಳೆ ಬಿದ್ದು ಘರ್ಷಣಾಂಕ 0.4ಕ್ಕೆ ಇಳಿದರೆ ಅದೇ ಮಿತಿ 71 ಕಿಲೊಮೀಟರಿಗೆ ಕುಸಿಯುತ್ತದೆ.

ಈ ಲೆಕ್ಕದಲ್ಲಿ ವಾಹನದ ತೂಕ ಎಲ್ಲಿಯೂ ಬರಲಿಲ್ಲವೆಂಬುದನ್ನು ಚುರುಕಾದ ವಿದ್ಯಾರ್ಥಿಗಳು ಗಮನಿಸಿರಬಹುದು. ತೂಕ ಹೆಚ್ಚಿದರೆ ಘರ್ಷಣೆಯೂ ಹೆಚ್ಚುತ್ತದೆ, ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಎರಡೂ ಪರಸ್ಪರ ಹೊಡೆದುಹೋಗುತ್ತವೆ. ಹಾಗಿದ್ದಲ್ಲಿ ತೆರೆದ ಚಕ್ರದ ಕಾರು ತಿರುವುಗಳಲ್ಲಿ ಅಷ್ಟೊಂದು ವೇಗವಾಗಿ ಹೋಗುವುದು ಹೇಗೆ?

ಗಾಳಿ ಹೇರಿದ ಭಾರ

ಇದರ ರಹಸ್ಯವಿರುವುದು ಗಾಳಿಯಲ್ಲಿ. ವಿಮಾನದ ರೆಕ್ಕೆಯನ್ನು ಗಾಳಿ ಮೇಲಕ್ಕೆತ್ತುತ್ತದೆಯಷ್ಟೆ. ಅದೇ ರೆಕ್ಕೆಯನ್ನು ತಲೆಕೆಳಗು ಮಾಡಿ ಕಾರಿಗೆ ಜೋಡಿಸಿದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಹೀಗೆ ದ್ರವ್ಯರಾಶಿ ಕಿಂಚಿತ್ತೂ ಹೆಚ್ಚದೆ ಟೈರಿನ ಮೇಲಣ ಒತ್ತು ಹೆಚ್ಚುತ್ತದೆ. ಗಾಳಿಯ ಒತ್ತು ಕಾರಿನ ತೂಕದಷ್ಟೇ ಆದಾಗ, ನಮ್ಮ ತಿರುವಿನ ಮಿತಿ ಗಂಟೆಗೆ 100ರಿಂದ ಸುಮಾರು 142 ಕಿಲೊಮೀಟರಿಗೆ ಏರುತ್ತದೆ.

ಆದರೆ ಈ ಒತ್ತೂ ವೇಗದ ವರ್ಗವನ್ನೇ ಅನುಸರಿಸುತ್ತದೆ. ಆದುದರಿಂದ ತೆರೆದ ಚಕ್ರದ ಕಾರಿನಲ್ಲಿ ವಿಚಿತ್ರವಾದ ಸ್ಥಿತಿಯೊಂದು ಉಂಟಾಗುತ್ತದೆ: ವೇಗ ಹೆಚ್ಚಿದಂತೆ ಕಾರು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಅಂಜಿ ವೇಗ ತಗ್ಗಿಸಿದರೆ ಹಿಡಿತವೂ ಸಡಿಲವಾಗುತ್ತದೆ. ಬ್ರೇಕಿನ ಮಾತೂ ಹಾಗೆಯೇ. ಮೊದಲ ಕ್ಷಣದಲ್ಲಿ ಚಾಲಕನು ಬಲವನ್ನೆಲ್ಲ ಹಾಕಿ ಒತ್ತಬಹುದು. ವೇಗ ಇಳಿದಂತೆ ಗಾಳಿಯ ಒತ್ತು ಮಾಯವಾಗುವುದರಿಂದ, ಕಾಲನ್ನು ಹದವರಿತು ಸಡಿಲಿಸದಿದ್ದರೆ ಚಕ್ರಗಳು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತವೆ. ಈ ಹದವು ಸಾವಿರಾರು ಸುತ್ತುಗಳ ಅಭ್ಯಾಸದಿಂದ ಕಾಲಿನ ಸ್ನಾಯುಗಳಲ್ಲಿ ನೆಲಸುತ್ತದೆ.

ಅರ್ಜುನ್ ಮೈನಿಯವರು ಡಿ.ಟಿ.ಎಂ.ನಲ್ಲಿ ಮೊದಲು ಓಡಿಸಿದ ಮರ್ಸಿಡಿಸ್ ಕಾರಾದರೋ ಸುಮಾರು 1,300 ಕಿಲೊಗ್ರಾಂ ದ್ರವ್ಯರಾಶಿಯದು; ಫಾರ್ಮುಲಾ ಟು ಕಾರು ಚಾಲಕನೂ ಸೇರಿ ಅದರ ಅರ್ಧಕ್ಕಿಂತ ತುಸು ಹೆಚ್ಚು. ಮರ್ಸಿಡಿಸ್ ಕಾರಿಗೂ ರೆಕ್ಕೆಯುಂಟು. ಆದರೆ ತೂಕಕ್ಕೆ ಹೋಲಿಸಿದರೆ ಗಾಳಿಯ ಒತ್ತು ಕಡಿಮೆ. ಅದರ ಎಂಜಿನು ಚಾಲಕನ ಬೆನ್ನ ಹಿಂದಲ್ಲ, ಮುಂದಿದೆ. ಚಕ್ರಗಳು ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ಸ್ವಯಂಚಾಲಿತ ಬ್ರೇಕಿನ ಏರ್ಪಾಡೂ ಅದರಲ್ಲಿದೆ. ಫಾರ್ಮುಲಾ ಟು ಕಾರಿನಲ್ಲಿ ಅದಿಲ್ಲ. ಎಂದರೆ, ವರ್ಷಗಟ್ಟಲೆ ಕಲಿತ ಕಾಲಿನ ಆ ಸೂಕ್ಷ್ಮ ಹದವನ್ನು ಅಷ್ಟರಮಟ್ಟಿಗೆ ಮರೆತು, ಯಂತ್ರವನ್ನು ನಂಬಿ ಒತ್ತುವುದನ್ನು ಹೊಸದಾಗಿ ಕಲಿಯಬೇಕು. ಕಲಿಯುವುದಕ್ಕಿಂತ ಮರೆಯುವುದೇ ಕಷ್ಟವೆಂಬುದು ಅನುಭವಿಗಳಿಗೆಲ್ಲ ತಿಳಿದ ಸಂಗತಿ.

ಭಾರದ ಬೆಲೆ

ತೂಕ ಲೆಕ್ಕದಿಂದ ಹೊಡೆದುಹೋಯಿತೆಂದೆವು. ಅದು ಪುಸ್ತಕದ ಮಾತು. ನಿಜವಾದ ರಬ್ಬರು ಅಷ್ಟು ವಿಧೇಯವಲ್ಲ. ಟೈರಿನ ಮೇಲೆ ಹೊರೆ ಎರಡರಷ್ಟಾದರೆ ಹಿಡಿತ ಎರಡರಷ್ಟಾಗದೆ ಸ್ವಲ್ಪ ಕಡಿಮೆಯೇ ಉಳಿಯುತ್ತದೆ. ಮೇಲಾಗಿ, ತಿರುವಿನಲ್ಲಿ ಹೊರಬದಿಯ ಟೈರುಗಳ ಮೇಲೆ ಹೊರೆ ಬೀಳುತ್ತದೆ, ಒಳಬದಿಯವು ಹಗುರಾಗುತ್ತವೆ. ಗುರುತ್ವ ಕೇಂದ್ರ ಎತ್ತರದಲ್ಲಿದ್ದಷ್ಟೂ ಈ ಏರುಪೇರು ಹೆಚ್ಚು. ಎತ್ತರವಾದ ಸ್ಟಾಕ್ ಕಾರು ಹೀಗೆ ತನ್ನ ಹಿಡಿತದ ಒಂದಂಶವನ್ನು ಕಳೆದುಕೊಳ್ಳುತ್ತದೆ.

ಬ್ರೇಕಿಗಂತೂ ಭಾರ ನೇರವಾದ ಹೊರೆ. ಸೆಕೆಂಡಿಗೆ 40 ಮೀಟರು ವೇಗದಲ್ಲಿರುವ 750 ಕಿಲೊಗ್ರಾಂ ಕಾರಿನ ಚಲನಶಕ್ತಿ 6 ಲಕ್ಷ ಜೂಲ್. 1,500 ಕಿಲೊಗ್ರಾಂ ವಾಹನದ್ದು 12 ಲಕ್ಷ. ಇದಿಷ್ಟನ್ನೂ ಶಾಖವಾಗಿಸಿದರೆ ನಾಲ್ಕು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಕಾರ್ತಿಕೇಯನ್ ಮೊದಲು ಓಡಿದ ಮಾರ್ಟಿನ್ಸ್‌ವಿಲ್ ಪಥದ ಒಂದು ಸುತ್ತು ಕೇವಲ 850 ಮೀಟರು. ಎರಡು ನೇರ ಓಟ, ಎರಡು ಕಿರಿದಾದ ತಿರುವು. 250 ಸುತ್ತುಗಳ ಪಂದ್ಯದಲ್ಲಿ 500 ಸಲ ಬ್ರೇಕು ಒತ್ತಬೇಕು. ಅಲ್ಲಿ ಬ್ರೇಕಿನ ಬಿಲ್ಲೆಗಳು ಕೆಂಡದಂತೆ ಕೆಂಪೇರುವುದು ಸಾಮಾನ್ಯ. ಕೊನೆಯ ಸುತ್ತುಗಳವರೆಗೂ ಬ್ರೇಕನ್ನು ಉಳಿಸಿಕೊಳ್ಳುವ ಮಿತವ್ಯಯವೇ ಅಲ್ಲಿ ಒಂದು ವಿದ್ಯೆ.

ಓರೆಯಾದ ಪಥ

ಸ್ಟಾಕ್ ಕಾರುಗಳು ಹೆಚ್ಚಾಗಿ ಓಡುವುದು ಅಂಡಾಕಾರದ ಪಥಗಳಲ್ಲಿ. ಅಲ್ಲಿ ತಿರುವಿನ ಹೊರ ಅಂಚು ಎತ್ತರವಾಗಿರುತ್ತದೆ; ಮಾರ್ಟಿನ್ಸ್‌ವಿಲ್‌ನಲ್ಲಿ 12 ಡಿಗ್ರಿ, ಫ್ಲಾರಿಡಾ ರಾಜ್ಯದ ಡೇಟೋನಾದಲ್ಲಿ 31 ಡಿಗ್ರಿ ಓರೆ. ಓರೆಯಾದ ನೆಲದ ಪ್ರತಿಬಲದ ಒಂದು ಭಾಗವೇ ಕಾರನ್ನು ಕೇಂದ್ರದತ್ತ ನೂಕುತ್ತದೆ. ಡೇಟೋನಾದ ತಿರುವಿನ ತ್ರಿಜ್ಯ ಸುಮಾರು 305 ಮೀಟರು. ಘರ್ಷಣೆಯೇ ಇಲ್ಲದಿದ್ದರೂ ಗಂಟೆಗೆ ಸುಮಾರು 150 ಕಿಲೊಮೀಟರು ವೇಗದ ಕಾರು ಅಲ್ಲಿ ಜಾರದೆ ಸುತ್ತಬಲ್ಲದು!

ಹಾಗಾದರೆ ನಮ್ಮ ಹೆದ್ದಾರಿಗಳನ್ನೇಕೆ ಹಾಗೆ ಕಟ್ಟಬಾರದು? ಓರೆಯು ಒಂದು ವೇಗಕ್ಕೆ ಮಾತ್ರ ಸರಿಹೊಂದುತ್ತದೆ. ಅದೇ ರಸ್ತೆಯಲ್ಲಿ ಬತ್ತದ ಹುಲ್ಲು ತುಂಬಿದ ಎತ್ತಿನ ಬಂಡಿಯೂ ನಿಧಾನವಾಗಿ ಸಾಗಬೇಕು. 31 ಡಿಗ್ರಿ ಓರೆಯಲ್ಲಿ ಅದು ಒಳಬದಿಗೆ ಉರುಳಿಬಿದ್ದೀತು. ಆದುದರಿಂದಲೇ ನಮ್ಮ ದೇಶದ ಬಯಲುಸೀಮೆಯ ರಸ್ತೆಗಳಲ್ಲಿ ಓರೆಯನ್ನು ನೂರಕ್ಕೆ ಏಳಕ್ಕಿಂತ, ಎಂದರೆ ಸುಮಾರು ನಾಲ್ಕು ಡಿಗ್ರಿಗಿಂತ, ಹೆಚ್ಚಿಸುವುದಿಲ್ಲ.

ತಾಗಿದರೆ ಏನು?

ಇನ್ನೊಂದು ವ್ಯತ್ಯಾಸ ಚಕ್ರದ ಮುಚ್ಚಳದ್ದು. ಮುನ್ನಡೆಯುವ ಚಕ್ರದ ಹಿಂಬದಿ ಸದಾ ಮೇಲಕ್ಕೂ ಮುಂಬದಿ ಕೆಳಕ್ಕೂ ಚಲಿಸುತ್ತಿರುತ್ತದೆ. ಸೈಕಲನ್ನು ನಡೆಸಿ ಇದನ್ನು ನೋಡಬಹುದು. ತೆರೆದ ಚಕ್ರದ ಎರಡು ಕಾರುಗಳಲ್ಲಿ ಹಿಂದಿನದರ ಮುಂಚಕ್ರವು ಮುಂದಿನದರ ಹಿಂಚಕ್ರಕ್ಕೆ ತಾಗಿದರೆ, ಮೇಲೇರುತ್ತಿರುವ ರಬ್ಬರಿಗೆ ಕೆಳಗಿಳಿಯುತ್ತಿರುವ ರಬ್ಬರು ಕಚ್ಚಿಕೊಂಡು, ಹಿಂದಿನ ಕಾರು ಏಣಿಯೇರಿದಂತೆ ಗಾಳಿಗೆ ಹಾರುತ್ತದೆ. ಆದ್ದರಿಂದ ‘ಎಂದೂ ತಾಗಬೇಡ’ ಎಂಬುದು ಅಲ್ಲಿನ ಪಾಠ. ಸ್ಟಾಕ್ ಕಾರುಗಳಲ್ಲಿ ತಾಗುವುದು ತಗಡಿಗೆ ತಗಡು. ಮೈಗೆ ಮೈ ಉಜ್ಜಿಕೊಂಡು ಹೋಗುವುದು ಅಲ್ಲಿ ನಿತ್ಯದ ಮಾತು. ಜೀವ ಕಾಯುತ್ತಿದ್ದ ಅಭ್ಯಾಸವೊಂದು ಇಲ್ಲಿ ಸ್ಥಾನ ಕಳೆಯುವ ಹಿಂಜರಿಕೆಯಾಗುತ್ತದೆ.

ಇತಿಹಾಸದ ಸಾಕ್ಷ್ಯ

ಕೊಲಂಬಿಯಾ ದೇಶದ ಹುವಾನ್ ಪ್ಯಾಬ್ಲೊ ಮೊಂಟೋಯಾ ಫಾರ್ಮುಲಾ ಒನ್‌ನಲ್ಲಿ ಏಳು ಪಂದ್ಯಗಳನ್ನು ಗೆದ್ದವರು. ಅವರು ನ್ಯಾಸ್ಕಾರ್ ಸಂಸ್ಥೆಯ ಅತ್ಯುನ್ನತ ಪಂದ್ಯಮಾಲೆಯಲ್ಲಿ ಗೆದ್ದುದು ಎರಡು ಬಾರಿ—2007ರಲ್ಲಿ ಸೊನೋಮಾದಲ್ಲಿ, 2010ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಇವೆರಡೂ ಎಡಬಲ ತಿರುವುಗಳುಳ್ಳ ಪಥಗಳು, ಅಂಡಾಕಾರದವಲ್ಲ! ಹಳೆಯ ಅನುಭವಕ್ಕೆ ಹೋಲುವ ಪರಿಸ್ಥಿತಿ ದೊರೆತಲ್ಲಿ ಹಳೆಯ ವಿದ್ಯೆ ಫಲಿಸಿತು. ಅಮೆರಿಕದ ಟೋನಿ ಸ್ಟುವರ್ಟ್ 1997ರಲ್ಲಿ ತೆರೆದ ಚಕ್ರದ ಇಂಡಿ ಪಂದ್ಯಮಾಲೆಯನ್ನು ಗೆದ್ದು, ಮುಂದೆ 2002, 2005 ಮತ್ತು 2011ರಲ್ಲಿ ನ್ಯಾಸ್ಕಾರ್ ಚಾಂಪಿಯನ್ ಆದರು. ಮೊದಲೇ ಮಣ್ಣಿನ ಅಂಡಾಕಾರದ ಪಥಗಳಲ್ಲಿ ಜಾರುವ ಹಿಂಚಕ್ರಗಳನ್ನು ಅಂಕೆಯಲ್ಲಿಡಲು ಕಲಿತವರು ಅವರು.

ನಮ್ಮ ಊರಿನ ಪಾಠ

ಈ ವಿಚಾರ ದೂರದ ಪಂದ್ಯಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ನಮ್ಮ ಸೀಮೆಯಲ್ಲಿ, ವರ್ಷವೆಲ್ಲ ಮೋಟಾರ್ ಸೈಕಲ್ ಓಡಿಸುವ ತರುಣನು ಸುಗ್ಗಿ ಬಂದಾಗ ಬತ್ತ ತುಂಬಿದ ಟ್ರಾಲಿಯ ಮುಂದೆ ಟ್ರ್ಯಾಕ್ಟರ್ ಏರುತ್ತಾನೆ. ಅವನದೂ ರಥದ ಬದಲಾವಣೆಯೇ. ಮೋಟಾರ್ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲಿ ಸಮತೋಲ ಕಾಯ್ದುಕೊಳ್ಳುತ್ತದೆ; ಟ್ರ್ಯಾಕ್ಟರಿಗೆ ಆ ಶಕ್ತಿಯಿಲ್ಲ, ಅದರ ಗುರುತ್ವ ಕೇಂದ್ರವೂ ಎತ್ತರದಲ್ಲಿದೆ. ಅದರ ಬ್ರೇಕು ಸಾಮಾನ್ಯವಾಗಿ ಹಿಂಚಕ್ರಗಳಿಗೆ ಮಾತ್ರ; ಟ್ರಾಲಿಗೆ ಬಹುಮಟ್ಟಿಗೆ ಬ್ರೇಕೇ ಇರುವುದಿಲ್ಲ. ಹೊಲದಲ್ಲಿ ತಟ್ಟನೆ ತಿರುಗಲೆಂದು ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಪೆಡಲು ಇಟ್ಟಿರುತ್ತಾರೆ. ರಸ್ತೆಗೆ ಬಂದಾಗ ಅವೆರಡನ್ನೂ ಕೊಂಡಿಯಿಂದ ಕೂಡಿಸದೆ, ವೇಗದಲ್ಲಿ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ಮಗುಚಿಕೊಳ್ಳಬಹುದು.

ನ್ಯೂಟನ್ನನ ನಿಯಮ ಮೋಟಾರ್ ಸೈಕಲಿಗೂ ಟ್ರ್ಯಾಕ್ಟರಿಗೂ, ಮೈನಿಯವರ ಕಾರಿಗೂ ಒಂದೇ. ಅಭ್ಯಾಸವಾದರೋ ಆ ನಿಯಮವು ಒಂದು ಯಂತ್ರದಲ್ಲಿ ಕೊಟ್ಟ ಉತ್ತರವನ್ನು ಮಾತ್ರ ನೆನಪಿಟ್ಟುಕೊಂಡಿರುತ್ತದೆ. ಯಂತ್ರ ಬದಲಾದಾಗ ಉತ್ತರವೂ ಬದಲಾಗುತ್ತದೆ. ಕೈಗೆ ಅದು ತಾನಾಗಿ ತಿಳಿಯದು. ಫಾರ್ಮುಲಾ ಒನ್ ಕಂಡ ಚಾಲಕರೇ ಹೊಸ ವಾಹನದಲ್ಲಿ ಪರೀಕ್ಷಾ ಓಟಗಳಿಂದ ಆರಂಭಿಸಿ, ತಿರುವುಗಳನ್ನು ಒಂದೊಂದಾಗಿ ಕಲಿಯುತ್ತಾರೆ. ಮೊದಲ ಬಾರಿಗೆ ಟ್ರಾಲಿ ಎಳೆದುಕೊಂಡು ಹೆದ್ದಾರಿಗೆ ಬರುವವನು ಮೊದಲ ತಿರುವನ್ನು ನಡಿಗೆಯ ವೇಗದಲ್ಲಿ ದಾಟಿದರೆ ಅದು ಅಂಜುಬುರುಕತನವಲ್ಲ, ವಿವೇಕ.