ಒಂದೇ ಗುರುತು, ಎರಡು ಅರ್ಥ

ಮಕ್ಕಳೇ, ಹಿಂದೂಪುರದ ಅಂಗಡಿಯಲ್ಲಿ ‘ಪಾಲು’ ಕೇಳಿದರೆ ಏನು ಕೊಡುತ್ತಾರೆ? ಹಾಲು! ಕನ್ನಡದಲ್ಲಿ ಪಾಲು ಎಂದರೆ ಭಾಗ; ತೆಲುಗಿನಲ್ಲಿ ಹಾಲಿಗೂ ಅದೇ ಹೆಸರು. ಎರಡು ಭಾಷೆಗಳ ನಡುವೆ ಬೆಳೆಯುವ ನಿಮಗೆ ಇದು ಹೊಸದಲ್ಲ. ಕಂಪ್ಯೂಟರಿಗೂ ಇಂತಹ ತೊಡಕುಂಟು.

ಹಾಜರಿ ಪುಸ್ತಕದಂತೆ ಸಾಲುಸಾಲಾಗಿ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಬರೆದಿಡುವುದಕ್ಕೆ ಡೇಟಾಬೇಸ್ ಎನ್ನುತ್ತಾರೆ. ಅದನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ಐಬಿಎಂ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಇದರ ಮೊದಲ ರೂಪವನ್ನು 1974ರಲ್ಲಿ ಪ್ರಕಟಿಸಿದರು. ಆಮೇಲೆ ಹಲವು ಸಂಸ್ಥೆಗಳು ಡೇಟಾಬೇಸ್ ತಯಾರಿಸಿದವು. ಊರಿಗೊಂದು ಬಗೆಯ ಮಾತಿರುವಂತೆ ಈ ಭಾಷೆಯೂ ಅಲ್ಲಲ್ಲಿ ಬೇರೆಯಾಯಿತು.

ಒಂದು ಕಚೇರಿಯವರು ಒರಾಕಲ್ ಬಿಟ್ಟು ಮೈಎಸ್‌ಕ್ಯೂಎಲ್ ತಂದರು ಎನ್ನಿ. ಪಟ್ಟಿಯಲ್ಲಿ ಊರು, ಅದರ ಮುಂದೆ ಜಿಲ್ಲೆ. ಕಲ್ಯಾಣದುರ್ಗದ ಮುಂದೆ ಅನಂತಪುರ. ಹಿಂದೂಪುರದ ಮುಂದೆ, 2022ರಲ್ಲಿ ಜಿಲ್ಲೆ ಬದಲಾದ್ದರಿಂದ, ಶ್ರೀ ಸತ್ಯಸಾಯಿ. ಎರಡನ್ನೂ ಜೋಡಿಸಿ ಪತ್ರಗಳ ಮೇಲೆ ಅಚ್ಚುಮಾಡಬೇಕು. ಒರಾಕಲ್‌ನಲ್ಲಿ ನಡುವೆ ಎರಡು ನೆಟ್ಟನೆಯ ಗೆರೆ ಎಳೆದರೆ ಹೆಸರುಗಳು ಕೂಡಿಕೊಳ್ಳುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ಆ ಗೆರೆಗಳಿಗೆ ‘ಅಥವಾ’ ಎಂದರ್ಥ. ಹೆಸರುಗಳಲ್ಲಿ ಅಂಕಿ ಕಾಣದೆ ಅದು ಕೊಡುವ ಉತ್ತರ 0! ತಪ್ಪಾಯಿತೆಂದು ಕೆಲಸ ನಿಲ್ಲಿಸುವುದೂ ಇಲ್ಲ. ನೂರು ಪತ್ರಗಳಿದ್ದರೆ ನೂರರ ಮೇಲೂ ಸೊನ್ನೆಯೇ. ಪಾಪ, ಅಂಚೆಯಣ್ಣ ಅವನ್ನು ಎಲ್ಲಿಗೆ ಒಯ್ಯಬೇಕು?

‘ಕಾನ್‌ಕ್ಯಾಟ್’ ಎಂಬ ಪದ ಎರಡಕ್ಕೂ ತಿಳಿಯುತ್ತದೆ. ಗೆರೆಗಳ ಬದಲು ಅದನ್ನು ಬರೆಯಬಹುದು. ಬಲ್ಲವರು ಇಷ್ಟಕ್ಕೇ ಬಿಡುವುದಿಲ್ಲ. ಉತ್ತರ ಮೊದಲೇ ಗೊತ್ತಿರುವ ಈ ಎರಡು ಊರುಗಳನ್ನೇ ಹಳೆಯ ಡೇಟಾಬೇಸಿಗೂ ಹೊಸದಕ್ಕೂ ಕೇಳಿ, ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದಕ್ಕೊಂದು ಹೊಂದಿದ ಮೇಲೆಯೇ ಉಳಿದ ಪಟ್ಟಿಗೆ ಕೈಹಾಕುತ್ತಾರೆ.